ಚಾಳೀಸು ಬಂದ ಕಣ್ಣು, ಓಡುವ ಮುಳ್ಳು

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಚಾಳೀಸು ಎಂದರೆ ನಲವತ್ತು. ನಲವತ್ತಕ್ಕೆ ಬರುವುದು ಚಾಳೀಸು. ಹೆಸರಿನೊಳಗೇ ವಯಸ್ಸನ್ನು ಇಟ್ಟುಬಿಟ್ಟ ನಮ್ಮ ಹಿರಿಯರು ಎಷ್ಟು ನಿಸ್ಸಂಕೋಚದವರು ನೋಡಿ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುತ್ತದೆ, ಎಲ್ಲರಿಗೂ ಆಗುತ್ತದೆ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ಒಂದೇ ಶಬ್ದದಲ್ಲಿ ಹೇಳಿ ಮುಗಿಸಿದರು. ಅವರಿಗೆ ಗೊತ್ತಿದ್ದ ಈ ಸಂಗತಿ ಯಂತ್ರ ಮಾಡುವವರಿಗೆ ಮಾತ್ರ ಇನ್ನೂ ಗೊತ್ತಾದಂತಿಲ್ಲ.

ಬೆಂಗೇರಿಯವರಾದ ನಮಗೆ ದಾರ, ಸೂಜಿ, ಕಣ್ಣು ಈ ಮೂರರ ಸಂಬಂಧ ಹೊಸದಲ್ಲ. ದೇಶದ ಬಾವುಟ ಹೊಲಿಯುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ನಮ್ಮಲ್ಲೇ. 1957ರ ನವೆಂಬರ್ 1ರಂದು ಹುಟ್ಟಿದ ಸಂಘ ಅದು. ಅಲ್ಲಿ ಕೆಲಸ ಮಾಡುವವರು ಬಹುಪಾಲು ಹೆಂಗಸರು. ಬಾವುಟದ ಚಕ್ರದ 24 ಅರೆಗಳು ಬಟ್ಟೆಯ ಎರಡೂ ಮಗ್ಗಲು ಒಂದರ ಮೇಲೊಂದು ಸರಿಯಾಗಿ ಕೂಡಬೇಕು; ಕೂದಲೆಳೆಯಷ್ಟು ಸರಿದರೂ ನಡೆಯುವುದಿಲ್ಲ. ಹೀಗಾಗಿ ನಮ್ಮ ಓಣಿಗಳಲ್ಲಿ ಕಣ್ಣಿನ ಮಾತು ಬಂದರೆ ಯಾರೂ ಅದನ್ನು ಹಗುರವಾಗಿ ತಗೊಳ್ಳುವುದಿಲ್ಲ.

ನಮ್ಮ ಅವ್ವ ಆ ಕೆಲಸಕ್ಕೆ ಹೋದವಳಲ್ಲ. ಮನೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಅಪ್ಪನ ಸವೆದ ಧೋತರ, ನಮ್ಮ ಹರಿದ ಅಂಗಿ ಎಲ್ಲ ಅದರೊಳಗೆ ಸೇರುತ್ತಿದ್ದವು. ನಲವತ್ತೈದರ ಹೊತ್ತಿಗೆ ಅವಳಿಗೆ ಸೂಜಿಯ ಕಣ್ಣು ಕಾಣದಾಯಿತು. ಆಗ ಏನಾಯಿತು? ಏನೂ ಆಗಲಿಲ್ಲ. ಮುಂಜಾನೆ ಸಾಲಿಗೆ ಹೋಗುವ ಮೊದಲು ಹತ್ತು ಸೂಜಿಗೆ ದಾರ ಪೋಣಿಸಿ ತಲೆದಿಂಬಿಗೆ ಚುಚ್ಚಿ ಹೋಗುವುದು ನನ್ನ ಕೆಲಸವಾಯಿತು. ನಾನು ಮರೆತ ದಿನ ಅಣ್ಣನ ಕೆಲಸ. ‘ಕಣ್ಣು ಹೋತು, ಇನ್ನ ಕೌದಿ ಬಿಡು’ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಹೊಲಿಗೆಯ ಹದ ಅವಳ ಕೈಯಲ್ಲಿತ್ತು. ಕಣ್ಣಿನ ಪಾಲಿನ ಕೆಲಸವನ್ನಷ್ಟೇ ನಾವು ಮಾಡಿಕೊಟ್ಟೆವು. ಮುಂದೆ ಇಪ್ಪತ್ತು ವರ್ಷ ಅವಳು ಹೊಲಿದಳು.

ಈ ಮಾತು ಈಗ ಯಾಕೆ ಬಂತೆಂದರೆ, ನಾನು ಮರೆತಾಗ ಸೂಜಿ ಪೋಣಿಸುತ್ತಿದ್ದ ಆ ಅಣ್ಣ ಮುಂದೆ ವಿಮಾನ ಹಾರಿಸುವವನಾದ. ಅರವತ್ತೊಂದಕ್ಕೆ ಆ ಕೆಲಸ ಬಿಟ್ಟು ಬಂದ. ಬಿಟ್ಟು ಬಂದೆ ಎನ್ನುವುದು ಅವನ ಮಾತು. ಬಿಡಿಸಿದರು ಎನ್ನುವುದು ನನ್ನ ಮಾತು. ಇದನ್ನು ನಾನು ಸುಮ್ಮನೆ ಬಿಡಲಾರೆ.

ಅಣ್ಣ ದೊಡ್ಡ ವಿಮಾನದವನಲ್ಲ. ನಾವು ನೀವು ಗೋಕುಲ ರಸ್ತೆಯ ನಿಲ್ದಾಣದಲ್ಲಿ ಹತ್ತಿ ಕೂಡುವಂಥ ವಿಮಾನ ಅವನದಲ್ಲ. ಇಬ್ಬರೇ ಕೂಡುವ, ಮುಂದೊಂದು ಪಂಕಾ ಇರುವ ಸಣ್ಣ ವಿಮಾನದಲ್ಲಿ ಹುಡುಗರಿಗೆ ಹಾರಲು ಕಲಿಸುವ ಮಾಸ್ತರ. ಬೆಂಗಳೂರಿನ ಜಕ್ಕೂರಿನಲ್ಲಿ ಕಲಿತು, ಆಮೇಲೆ ಬೇರೆ ರಾಜ್ಯದ ಒಂದು ಶಾಲೆ ಸೇರಿದ. ಅವನ ಕೈಯಲ್ಲಿ ಕಲಿತವರು ಇವತ್ತು ಯಾವ ಯಾವ ದೇಶದ ಆಕಾಶದಲ್ಲಿ ಇದ್ದಾರೋ ಅವನಿಗೇ ನೆನಪಿಲ್ಲ.

ದೀಪಾವಳಿಗೆ ಬಂದಿದ್ದ. ಊಟಕ್ಕೆ ಕೂತಾಗ ನನ್ನ ಮಗ ಕೇಳಿದ, “ಮಾಮಾ, ಇಷ್ಟ ಲಗೂ ಯಾಕ ಬಿಟ್ರಿ?” ಅಣ್ಣ ರೊಟ್ಟಿ ಮುರಿಯುತ್ತ, “ಕಣ್ಣು ಮೊದಲಿನಂಗ ಇಲ್ಲೋ” ಎಂದ. ಮಗ ಅಂದ, “ಹಂಗಾರ ಬಿಟ್ಟಿದ್ದ ಛಲೋ ಆತು ಬಿಡ್ರಿ. ವಯಸ್ಸಾದವರು ವಿಮಾನ ಹಾರಿಸಬಾರದು.” ಅಣ್ಣ ತಲೆ ಆಡಿಸಿದ. ಪುಂಡಿಪಲ್ಲೆ ಬಡಿಸುತ್ತಿದ್ದ ನನ್ನ ಕೈ ನಿಂತಿತು. ಜೀವನದಲ್ಲಿ ಯಾರ ಮಾತಿಗೂ ಸುಲಭವಾಗಿ ತಲೆ ಆಡಿಸಿದವನಲ್ಲ ನನ್ನ ಅಣ್ಣ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಹಿತ್ತಲ ಕಟ್ಟೆಗೆ ಕೂತು ನಿಜ ಹೇಳಿದ.

“ಸಂಜೀ ಹೊತ್ತು. ಒಬ್ಬನೇ ಇದ್ದೆ. ಇಳಿಯೂ ಮೊದಲು ಕಡೀ ತಿರುವು ಇರ್ತದಲ್ಲ, ಅದರಾಗ ಇದ್ದೆ. ಎದುರಿಗೆ ಸೂರ್ಯ. ವೇಗದ ಮುಳ್ಳು ನೋಡಾಕ ಕಣ್ಣು ಕೆಳಗ ಮಾಡಿದೆ, ಕಾಣಲಿಲ್ಲ. ಗದ್ದ ಮ್ಯಾಲ ಎತ್ತಿ ಚಾಳೀಸಿನ ಕೆಳಗಿನ ಗಾಜಿನಾಗ ನೋಡಿದೆ, ಮಸುಕು. ಗದ್ದ ಇಳಿಸಿ ಮ್ಯಾಲಿನ ಗಾಜಿನಾಗ ನೋಡಿದೆ, ಅದೂ ಮಸುಕು. ಅಷ್ಟರಾಗ ಪೇಟಿ ಊದ್ತು.”

ಪೇಟಿ ಎಂದರೇನೆಂದು ಆಮೇಲೆ ಹೇಳುತ್ತೇನೆ. ಅವನ ಕೈ ತಾನೇ ಮುಂದೆ ಹೋಗಿ ವಿಮಾನದ ಮೂತಿ ಇಳಿಸಿತಂತೆ, ಎಂಜಿನ್ನಿಗೆ ಜೋರು ಕೊಟ್ಟಿತಂತೆ. ಆಮೇಲೆ ಮುಳ್ಳು ಕಂಡಾಗ 65 ಇರಬೇಕಾದದ್ದು 50ರ ಹತ್ತಿರ ಇತ್ತು. ಸುಖವಾಗಿ ಇಳಿದ. ವಿಮಾನ ನಿಲ್ಲಿಸಿ ಹತ್ತು ನಿಮಿಷ ಒಳಗೇ ಕೂತಿದ್ದನಂತೆ. ತೊಡೆ ನಡುಗುತ್ತಿದ್ದವು ಎಂದ. ವೈನಿಗೆ ಹೇಳಲಿಲ್ಲ. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ.

ಇಲ್ಲಿ ಸ್ವಲ್ಪ ವಿಮಾನದ ಪಾಠ ಮಾಡಬೇಕು, ಬೇಸರಿಸಬೇಡಿ. ಅಡಿಗೆಮನೆ ನಡೆಸುವವರಿಗೆ ತಿಳಿಯದಂಥದ್ದೇನೂ ಇದರಲ್ಲಿಲ್ಲ.

ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲೆ ಹರಿಯುವ ಗಾಳಿ. ಗಾಳಿ ಹರಿಯಬೇಕಾದರೆ ವೇಗ ಬೇಕು. ವೇಗ ಒಂದು ಮಿತಿಗಿಂತ ಕೆಳಗೆ ಹೋದರೆ ರೆಕ್ಕೆಯ ಮೇಲಿನ ಗಾಳಿ ಹರಿದುಹೋಗಿ ಎತ್ತುವ ಬಲ ಒಮ್ಮೆಲೆ ಕುಸಿಯುತ್ತದೆ. ಎಂಜಿನ್ ನಡೆಯುತ್ತಲೇ ಇರುತ್ತದೆ, ವಿಮಾನ ಬೀಳುತ್ತದೆ. ಮೇಲೆ ಸಾವಿರಾರು ಅಡಿ ಎತ್ತರದಲ್ಲಿ ಹೀಗಾದರೆ ಸರಿಪಡಿಸಿಕೊಳ್ಳಲು ಜಾಗ ಇರುತ್ತದೆ. ಇಳಿಯುವಾಗ ನೆಲ ಹತ್ತಿರ ಇರುತ್ತದೆ, ಜಾಗ ಇರುವುದಿಲ್ಲ. ವೇಗ ಹೆಚ್ಚಾದರೂ ಕಷ್ಟವೇ, ರನ್‌ವೇ ಮುಗಿದುಹೋಗುತ್ತದೆ. ಹೀಗಾಗಿ ಬೀಳುವ ವೇಗ ಎಷ್ಟೋ ಅದರ ಸುಮಾರು 1.3 ಪಟ್ಟು ವೇಗದಲ್ಲಿ ಇಳಿಯಬೇಕೆಂದು ಕಲಿಸುತ್ತಾರೆ. ತಿರುವಿನಲ್ಲಿ ವಿಮಾನ ವಾಲಿದರೆ ಬೀಳುವ ವೇಗವೇ ಮೇಲೇರುತ್ತದೆ. ಆದ್ದರಿಂದ ಆ ಕೊನೆಯ ತಿರುವು ಎಲ್ಲ ಪೈಲಟ್ಟರಿಗೂ ಗಂಡಾಂತರದ ಜಾಗ. ಹೊರಗೆ ನೆಲ ನೋಡಬೇಕು, ಒಳಗೆ ಮುಳ್ಳು ನೋಡಬೇಕು. ಹೊರಗೆ, ಒಳಗೆ, ಹೊರಗೆ, ಒಳಗೆ. ಹಾಲು ಉಕ್ಕುವ ಹೊತ್ತಿಗೇ ಬಾಗಿಲಲ್ಲಿ ಗಂಟೆ ಬಾರಿಸಿದರೆ ನಮ್ಮ ಕಣ್ಣು ಹೇಗೆ ಓಡಾಡುತ್ತದೋ ಹಾಗೆ.

ಇನ್ನು ಕಣ್ಣು. ಕಣ್ಣೊಳಗಿನ ಮಸೂರ ಸಣ್ಣವರಿದ್ದಾಗ ಮೆತ್ತಗಿರುತ್ತದೆ. ದೂರದಿಂದ ಹತ್ತಿರಕ್ಕೆ ಬಂದಾಗ ಥಟ್ಟನೆ ಉಬ್ಬಿಕೊಳ್ಳುತ್ತದೆ. ವಯಸ್ಸಾದಂತೆ ಗಡುಸಾಗುತ್ತದೆ. ಎರಡು ಗಾಜಿನ ಚಾಳೀಸು ಇದೆಯಲ್ಲ, ಅದರ ಮೇಲಿನ ಗಾಜು ದೂರಕ್ಕೆ, ಕೆಳಗಿನ ಗಾಜು ಪುಸ್ತಕದ ಅಂತರಕ್ಕೆ. ವಿಮಾನದ ಮುಳ್ಳುಗಳಿರುವ ಹಲಗೆ ಚಾಚಿದ ಕೈಯಷ್ಟು ದೂರದಲ್ಲಿ ಇರುತ್ತದೆ. ದೂರವೂ ಅಲ್ಲ, ಹತ್ತಿರವೂ ಅಲ್ಲ. ಅಣ್ಣ ಗದ್ದ ಎತ್ತಿ ಇಳಿಸಿ ಒದ್ದಾಡಿದ್ದು ಇದಕ್ಕೇ. ಇದರ ಮೇಲೆ ಬೆಳಕಿನ ಸಂಗತಿ ಬೇರೆ. ಇಪ್ಪತ್ತು ವರ್ಷದವರ ಕಣ್ಣೊಳಗೆ ಹೋಗುವ ಬೆಳಕಿನ ಮೂರರಲ್ಲೊಂದು ಪಾಲಿನಷ್ಟು ಮಾತ್ರ ಅರವತ್ತರವರ ಕಣ್ಣಿನ ಹಿಂಪರದೆಗೆ ಮುಟ್ಟುತ್ತದೆ. ಬಿಸಿಲಿನಿಂದ ನೆರಳಿಗೆ ಹೊಂದಿಕೊಳ್ಳಲು ಹೊತ್ತೂ ಹೆಚ್ಚು ಬೇಕು. ಎದುರಿಗೆ ಉರಿಯುವ ಸೂರ್ಯ, ಕೆಳಗೆ ನೆರಳಿನಲ್ಲಿ ಕರಿ ಬಿಲ್ಲೆಯ ಮೇಲೆ ಸಣ್ಣ ಬಿಳಿ ಮುಳ್ಳು. ಈ ಜೋಡಣೆಯನ್ನು ಮಾಡಿದವರು ಯಾರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದರು? ಇಪ್ಪತ್ತೈದರ ಹುಡುಗನನ್ನು. ಆ ಹುಡುಗನಿಗೂ ಒಂದು ದಿನ ಅರವತ್ತಾಗುತ್ತದೆ ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ.

ನಾಲ್ಕು ತಿಂಗಳ ನಂತರ ಅಣ್ಣ ಧೈರ್ಯ ಮಾಡಿ ತನ್ನ ಶಾಲೆಯವರಿಗೆ ನಡೆದದ್ದನ್ನು ಹೇಳಿದ. ಚಾಳೀಸಿಗೆ ನಡುವಿನ ಅಂತರದ ಗಾಜು ಕೂಡಿಸಿಕೊಂಡು ಬಂದಿದ್ದ. ವೈದ್ಯರ ಪರೀಕ್ಷೆಯಲ್ಲೂ ಪಾಸಾಗಿದ್ದ. ಅವನು ಕೇಳಿದ್ದು ಎರಡು. ಒಂದು, ಇಳಿಯುವ ವೇಗದ ಅಂಕಿಯ ಹತ್ತಿರ ಎದ್ದು ಕಾಣುವ ಬಣ್ಣದ ಗುರುತು. ಎರಡು, ಕಿಟಕಿಯ ಕೆಳಗೆ, ಕಣ್ಣಿನ ಎದುರಿಗೇ ಒಂದು ಸಣ್ಣ ದೀಪದ ಸಾಧನ. ವೇಗ ಸರಿ ಇದ್ದರೆ ಹಸಿರು, ಅಪಾಯಕ್ಕೆ ಬಂದರೆ ಕೆಂಪು. ಬಂದ ಉತ್ತರ: “ಉಳಿದವರಿಗೆ ಇಲ್ಲದ ತೊಂದರೆ ನಿಮಗ್ಯಾಕೆ? ಕಾಣದಿದ್ದರೆ ಮನೆಗೆ ಹೋಗಿ.” ಅವನು ಮನೆಗೆ ಬಂದ.

ಈಗ ನನ್ನ ಮಗನ ಮಾತಿಗೆ ಬರುತ್ತೇನೆ. ಅದು ಬರೀ ಅವನ ಮಾತಲ್ಲ, ಬಹಳ ಜನರದ್ದು. ವಯಸ್ಸಾದವರ ಕಣ್ಣಿನಿಂದ ವಿಮಾನ ಬೀಳುತ್ತದೆ, ಹುಡುಗರ ಕಣ್ಣಿಗೆ ಕೊಟ್ಟರೆ ಸುರಕ್ಷಿತ ಎಂದು. ಹಾಗಿದ್ದರೆ 1990ರ ಫೆಬ್ರವರಿ 14ನ್ನು ನೆನೆಸಿಕೊಳ್ಳೋಣ.

ಅವತ್ತು ಮುಂಬಯಿಯಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸಿನ 605 ನಂಬರಿನ ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಪಕ್ಕದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ಸತ್ತರು. ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅಣ್ಣ ಆಗ ಜಕ್ಕೂರಿನಲ್ಲಿ ಕಲಿಯುತ್ತಿದ್ದ. ಮನೆಯಲ್ಲಿ ಫೋನಿಲ್ಲ. ದೊಡ್ಡ ವಿಮಾನ ಯಾವುದು, ಸಣ್ಣ ವಿಮಾನ ಯಾವುದು ಎಂದು ಅವ್ವನಿಗೆ ಗೊತ್ತಿಲ್ಲ. ಬೆಂಗಳೂರಿನಲ್ಲಿ ವಿಮಾನ ಬಿತ್ತು ಎಂದು ರೇಡಿಯೋ ಹೇಳಿತು, ತನ್ನ ಮಗ ಬಿದ್ದ ಎಂದು ಅವಳು ತಿಳಿದಳು. ‘ಆರಾಮ ಇದ್ದೇನೆ’ ಎಂಬ ತಂತಿ ಮರುದಿನ ಬರುವವರೆಗೆ ಕೌದಿಯ ಗಂಟಿನ ಮೇಲೆ ತಲೆ ಇಟ್ಟು ಕೂತಿದ್ದಳು.

ಆ ವಿಮಾನ ಹೊಚ್ಚಹೊಸ ಎ-320. ಗಾಜಿನ ಪರದೆಯ ಮೇಲೆ ಎಲ್ಲ ಮೂಡುವ, ಕಂಪ್ಯೂಟರ್ ತುಂಬಿದ ವಿಮಾನ. ಅದನ್ನು ನಡೆಸುತ್ತಿದ್ದವರು ಇಬ್ಬರು ಅನುಭವಸ್ಥ ಕ್ಯಾಪ್ಟನ್‌ಗಳು. ಕಣ್ಣು ಕಾಣದವರು ಯಾರೂ ಅಲ್ಲಿರಲಿಲ್ಲ. ಆದರೆ ಇಳಿಯುವಾಗ ಎಂಜಿನ್ನುಗಳು ತಗ್ಗಿದ ಶಕ್ತಿಯಲ್ಲೇ ಉಳಿದುಬಿಟ್ಟಿದ್ದವು. ಇರಬೇಕಾದ ವೇಗಕ್ಕಿಂತ ಸುಮಾರು 25 ನಾಟ್, ಅಂದರೆ ತಾಸಿಗೆ 46 ಕಿಲೋಮೀಟರಿನಷ್ಟು ಕಡಿಮೆಯಾಗುವವರೆಗೆ ಸಮಯಕ್ಕೆ ಸರಿಯಾದ ಕ್ರಮ ಆಗಲಿಲ್ಲ. ಹಳೆಯ ವಿಮಾನಗಳಲ್ಲಿ ತಾನಾಗಿ ನಡೆಯುವ ವ್ಯವಸ್ಥೆ ಎಂಜಿನ್ನಿನ ಶಕ್ತಿ ಹೆಚ್ಚು ಕಡಿಮೆ ಮಾಡಿದಾಗ ಪೈಲಟ್ಟನ ಕೈಕೆಳಗಿನ ಸನ್ನೆಯೂ ಸರಿದಾಡುತ್ತಿತ್ತು, ಕೈಗೇ ತಿಳಿಯುತ್ತಿತ್ತು. ಇದರಲ್ಲಿ ಸನ್ನೆ ನಿಂತಲ್ಲೇ ನಿಂತಿರುತ್ತದೆ. ತಪ್ಪು ಪೈಲಟ್ಟರದ್ದು ಎಂದು ತನಿಖೆ ಹೇಳಿತು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ತನಿಖೆಯಲ್ಲೇ ಇನ್ನೊಂದು ಮಾತಿದೆ. ನಾಲ್ಕುನೂರು, ಮುನ್ನೂರು, ಇನ್ನೂರು ಅಡಿ ಎಂದು ಯಂತ್ರ ಎತ್ತರವನ್ನು ಕೂಗಿ ಹೇಳುತ್ತಲೇ ಇತ್ತು. ಎತ್ತರಕ್ಕೆ ಬಾಯಿ ಇತ್ತು. ವೇಗವನ್ನು ಕಣ್ಣೇ ಹೋಗಿ ಹುಡುಕಿ ನೋಡಬೇಕಿತ್ತು.

ಇದು ಹಳೆಯ ಕಥೆ ಎನ್ನಬೇಡಿ. 2013ರ ಜುಲೈ 6ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕೊರಿಯಾದ ಏಷಿಯಾನಾ ಕಂಪನಿಯ ವಿಮಾನ ಸಮುದ್ರದ ದಂಡೆಯ ಗೋಡೆಗೆ ಬಡಿಯಿತು. ಇರಬೇಕಾದ ವೇಗ 137 ನಾಟ್, ಬಡಿಯುವ ಕೆಲವು ಸೆಕೆಂಡು ಮೊದಲು ಇದ್ದದ್ದು 103. ಎಂಜಿನ್ ತಾನೇ ವೇಗ ಕಾಯುತ್ತದೆ ಎಂದು ನಂಬಿ ಕೂತಿದ್ದರು. ಮೂರು ಹುಡುಗಿಯರು ಸತ್ತರು. ಒಳಗಿದ್ದ ಪೈಲಟ್ಟರ ಕಣ್ಣಲ್ಲಿ ದೋಷವಿರಲಿಲ್ಲ. ಅಂದಮೇಲೆ ಹುಡುಗರ ಕಣ್ಣು, ಮುದುಕರ ಕಣ್ಣು ಎಂಬ ಲೆಕ್ಕ ಎಲ್ಲಿ ಉಳಿಯಿತು? ಮನುಷ್ಯನ ಕಣ್ಣು ಯಾವ ವಯಸ್ಸಿನದಾದರೂ ಸರಿ, ಹತ್ತು ಕೆಲಸದ ನಡುವೆ ಒಂದು ಅಂಕಿಯನ್ನು ಮರೆಯುತ್ತದೆ. ಮುಪ್ಪು ಆ ಕಷ್ಟವನ್ನು ಮೊದಲೇ ತೋರಿಸಿಕೊಡುತ್ತದೆ, ಅಷ್ಟೇ. ಅಣ್ಣನಿಗೆ ಅರವತ್ತೊಂದಕ್ಕೆ ಕಾಣದ ಮುಳ್ಳು, ದಣಿದ ಮೂವತ್ತರ ಹುಡುಗನಿಗೂ ಒಂದು ರಾತ್ರಿ ಕಾಣುವುದಿಲ್ಲ.

ತಪ್ಪು ಮನುಷ್ಯನದೋ, ಮನುಷ್ಯನ ಮುಂದೆ ಇಟ್ಟ ವಸ್ತುವಿನದೋ ಎಂಬ ಜಗಳ ಎರಡನೇ ಮಹಾಯುದ್ಧದ ಕಾಲದಲ್ಲೇ ಒಮ್ಮೆ ತೀರ್ಮಾನವಾಗಿದೆ. ಅಮೆರಿಕದ ಬಿ-17 ಬಾಂಬರ್ ವಿಮಾನಗಳಲ್ಲಿ ನೆಲಕ್ಕಿಳಿದ ಮೇಲೆ ಪೈಲಟ್ಟರು ರೆಕ್ಕೆಯ ಫ್ಲ್ಯಾಪ್ ಮಡಚುವ ಬದಲು ಗಾಲಿಯನ್ನೇ ಮಡಚಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಪೈಲಟ್ಟರ ನಿಷ್ಕಾಳಜಿ ಎಂದು ಬೈದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನಃಶಾಸ್ತ್ರಜ್ಞ ಹೋಗಿ ನೋಡಿದರೆ ಎರಡೂ ಸ್ವಿಚ್ಚು ಅಕ್ಕಪಕ್ಕ, ಎರಡೂ ಒಂದೇ ಥರ. ಗಾಲಿಯ ಹಿಡಿಗೆ ಗಾಲಿಯ ಆಕಾರ, ಫ್ಲ್ಯಾಪಿನ ಹಿಡಿಗೆ ಬೆಣೆಯ ಆಕಾರ ಕೊಡಿಸಿದ. ಕಣ್ಣಿನ ಹಂಗಿಲ್ಲದೆ ಕೈಗೇ ತಿಳಿಯಬೇಕು ಎಂಬುದು ಅವನ ಉಪಾಯ. ಆ ಪದ್ಧತಿ ಇವತ್ತಿಗೂ ವಿಮಾನಗಳಲ್ಲಿ ಉಳಿದಿದೆ. ಉಪ್ಪಿನ ಡಬ್ಬಿ, ಸಕ್ಕರೆಯ ಡಬ್ಬಿ ಒಂದೇ ನಮೂನೆ ತಂದಿಟ್ಟು, ಚಹಾ ಉಪ್ಪಾಯಿತೆಂದು ಸೊಸೆಯನ್ನು ಬೈಯುವ ಮನೆಗಳನ್ನು ನಾವು ನೋಡಿಲ್ಲವೆ? ಅಂಥ ಮನೆಗೆ ಒಬ್ಬ ಚಪಾನಿಸ್ ಬೇಕು.

ಈಗ ಪೇಟಿಯ ಕಥೆ. ಅಣ್ಣ ಹಾರಿಸುತ್ತಿದ್ದ ಸೆಸ್ನಾದ ಎಡರೆಕ್ಕೆಯ ಮುಂಭಾಗದಲ್ಲಿ ಒಂದು ಕಿಂಡಿ ಇದೆ. ಬೀಳುವ ವೇಗಕ್ಕೆ ಐದು ಹತ್ತು ನಾಟ್ ಉಳಿದಿದೆ ಎನ್ನುವಾಗ ಆ ಕಿಂಡಿಯಿಂದ ಗಾಳಿ ಹೊರಕ್ಕೆ ಸೆಳೆದುಕೊಂಡು, ಒಳಗಿನ ಕೊಳವೆಯ ಬಾಯಲ್ಲಿರುವ ಒಂದು ರೀಡು ತಾನೇ ಊದುತ್ತದೆ. ಕರೆಂಟಿಲ್ಲ, ಬ್ಯಾಟರಿಯಿಲ್ಲ. ನಮ್ಮ ಹಾರ್ಮೋನಿಯಂ ಪೇಟಿಯೊಳಗೆ ಇರುವಂಥದೇ ರೀಡು. ಅಣ್ಣನ ಜೀವ ಉಳಿಸಿದ್ದು ಅದು. ಅವನ ಕಣ್ಣು ಸೋತಲ್ಲಿ ಅವನ ಕಿವಿ ಸೋಲಲಿಲ್ಲ. ಗಂಗೂಬಾಯಿ ಹಾನಗಲ್ಲರ ಊರಿನವರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸ್ವರ ಇಳಿದರೆ ಕಣ್ಣು ಮುಚ್ಚಿ ಕೂತವನಿಗೂ ಗೊತ್ತಾಗುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಗಂಡಾಂತರದ ಅಂಚಿಗೆ ಬಂದಾಗ ಊದುವ ಪೇಟಿಯನ್ನು ಮಾಡಲು ಬಂದವರಿಗೆ, ಅದಕ್ಕೂ ಮೊದಲೇ ಮೆಲ್ಲಗೆ ಎಚ್ಚರಿಸುವ ಇನ್ನೊಂದು ಸ್ವರ ಕೂಡಿಸಲು ಏನು ಕಷ್ಟ? ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ಗ್ಲೈಡರುಗಳಲ್ಲಿ ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂದು ಸ್ವರದಲ್ಲೇ ಹೇಳುವ ಸಾಧನ ದಶಕಗಳಿಂದ ಇದೆ. ಕಣ್ಣು ಪೂರ್ತಿ ಹೊರಗಿರುತ್ತದೆ, ಕಿವಿ ಲೆಕ್ಕ ಇಡುತ್ತದೆ. ಹಡಗಿನ ಮೇಲೆ ಇಳಿಯುವ ಅಮೆರಿಕದ ನೌಕಾ ವಿಮಾನಗಳಲ್ಲಿ ಪೈಲಟ್ಟನ ಕಣ್ಣಿನ ಎದುರಿಗೇ ಬಣ್ಣದ ದೀಪಗಳಿವೆ. ವೇಗ ಹೆಚ್ಚು, ಕಡಿಮೆ, ಸರಿ ಎಂದು ಓದದೆಯೇ ತಿಳಿಯುತ್ತದೆ. ಅಣ್ಣ ಕೇಳಿದ್ದು ಅದರ ಸಣ್ಣ ರೂಪವನ್ನು. ರೆಕ್ಕೆಗೂ ಎದುರಿನ ಗಾಳಿಗೂ ನಡುವಿನ ಕೋನವನ್ನು ಅಳೆದು ಹೇಳುವ ಈ ಸಾಧನವನ್ನು ಸಣ್ಣ ವಿಮಾನಗಳಿಗೆ ಸುಲಭವಾಗಿ ಕೂಡಿಸಿಕೊಳ್ಳಲಿ ಎಂದು 2014ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಒಪ್ಪಿಗೆಯ ನಿಯಮಗಳನ್ನೇ ಸರಳಗೊಳಿಸಿತು. ದೊಡ್ಡ ವಿಮಾನಗಳ ಕಥೆಯೂ ಅದೇ. ಬೆಂಗಳೂರಿನಲ್ಲಿ ಬಿದ್ದ ಜಾತಿಯ ವಿಮಾನಗಳಲ್ಲಿ ಮುಂದೆ ‘ಸ್ಪೀಡ್, ಸ್ಪೀಡ್, ಸ್ಪೀಡ್’ ಎಂದು ಕೂಗುವ ಎಚ್ಚರಿಕೆ ಬಂತು. ವೇಗಕ್ಕೂ ಬಾಯಿ ಬಂತು. ಅದನ್ನು ತಂದಾಗ ಯಾರೂ ‘ಕಾಣದಿದ್ದರೆ ಮನೆಗೆ ಹೋಗಿ’ ಎನ್ನಲಿಲ್ಲ. ಯಾಕೆಂದರೆ ಆ ವಿಮಾನಕ್ಕೆ ನೂರಾರು ಕೋಟಿಯ ಬೆಲೆ ಇದೆ. ಇಬ್ಬರ ವಿಮಾನದಲ್ಲಿ ಕೂತ ಮುದುಕ ಮಾಸ್ತರನಿಗೆ ಏನು ಬೆಲೆ?

ಕುಕ್ಕರನ್ನು ನೋಡಿ. ಒಳಗಿನ ಒತ್ತಡ ಎಷ್ಟೆಂದು ನಾವು ಯಾರೂ ಮುಳ್ಳು ನೋಡುವುದಿಲ್ಲ. ಸೀಟಿ ಎಣಿಸುತ್ತೇವೆ. ಹಿತ್ತಲಲ್ಲಿ ಅರಿವೆ ಒಣಹಾಕುತ್ತ, ಮಗುವಿನ ಜಡೆ ಹಾಕುತ್ತ, ಪಕ್ಕದ ಮನೆಯವರ ಜೊತೆ ಮಾತಾಡುತ್ತ ಎಣಿಸುತ್ತೇವೆ. ಕುಕ್ಕರಿಗೆ ಸೀಟಿಯ ಬದಲು ಸಣ್ಣ ಮುಳ್ಳೊಂದನ್ನು ಕೂಡಿಸಿ, ನೋಡುತ್ತ ನಿಲ್ಲಿರಿ ಎಂದಿದ್ದರೆ ಈ ದೇಶದ ಎಷ್ಟು ಅಡಿಗೆಮನೆಗಳ ಛಾವಣಿ ಉಳಿಯುತ್ತಿದ್ದವು?

ಹಾಗೆಂದು ನಾನು ಕುರುಡಿಯಂತೆ ಅಣ್ಣನ ಪರ ವಾದಿಸುವುದಿಲ್ಲ. ನಿಲ್ಲಿಸಬೇಕಾದ ದಿನ ಎಲ್ಲರಿಗೂ ಬರುತ್ತದೆ. ಎದೆ ಬಡಿತ, ತಲೆಸುತ್ತು, ಮರೆವು ಇವಕ್ಕೆ ಬಣ್ಣದ ಗುರುತು ಮದ್ದಲ್ಲ. ಅದಕ್ಕೇ ವೈದ್ಯರ ಪರೀಕ್ಷೆ ಇರುವುದು, ವಯಸ್ಸಾದಂತೆ ಮೇಲಿಂದ ಮೇಲೆ ಆಗುವುದು, ಅದು ಇನ್ನೂ ಬಿಗಿಯಾಗಲಿ. ಸ್ವರದ ಉಪಾಯಕ್ಕೂ ಮಿತಿ ಇದೆ. ವಯಸ್ಸಾದ ಕಿವಿಗೆ ಮೊದಲು ಕೇಳದಾಗುವುದು ಕೀರಲು ಸ್ವರ, ಆದ್ದರಿಂದ ಎಚ್ಚರಿಕೆಯ ಸ್ವರ ಮಂದ್ರದಲ್ಲಿ ಇರಬೇಕು. ಎಲ್ಲಕ್ಕೂ ಒಂದೊಂದು ಗಂಟೆ ಕಟ್ಟಿದರೆ ಯಾವ ಗಂಟೆ ಯಾಕೆ ಬಾರಿಸಿತೆಂದು ತಿಳಿಯದಾಗುತ್ತದೆ, ಅದೂ ನಿಜ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ನನ್ನ ಮಾತು ನಿಲ್ಲುತ್ತದೆ. ಪ್ರಯಾಣಿಕರ ವಿಮಾನದ ಪೈಲಟ್ಟರ ವಯಸ್ಸಿನ ಮಿತಿಯನ್ನು 2006ರಲ್ಲಿ ಅರವತ್ತರಿಂದ ಅರವತ್ತೈದಕ್ಕೆ ಏರಿಸಿದ್ದು ಜಗತ್ತಿನ ವಿಮಾನಯಾನ ಸಂಸ್ಥೆಯೇ. ಅನುಭವ ಬೇಕು ಎಂದಿಟ್ಟುಕೊಂಡರು. ಬೇಕೇ ಬೇಕು. 2009ರ ಜನವರಿಯಲ್ಲಿ ಎರಡೂ ಎಂಜಿನ್ ಸತ್ತ ವಿಮಾನವನ್ನು ನ್ಯೂಯಾರ್ಕಿನ ಹಡ್ಸನ್ ಹೊಳೆಯ ಮೇಲೆ ಇಳಿಸಿ 155 ಜೀವ ಉಳಿಸಿದ ಕ್ಯಾಪ್ಟನ್ ಸಲ್ಲಿಗೆ ಆಗ ಐವತ್ತೇಳು. ಹಾಗಾದರೆ ಅನುಭವವನ್ನು ಇಟ್ಟುಕೊಂಡು ಆ ಅನುಭವ ಕೂತಿರುವ ಕಣ್ಣಿಗೆ ಬೇಕಾದದ್ದನ್ನು ಕೊಡುವುದಿಲ್ಲ ಎಂದರೆ ಏನರ್ಥ? ಮನೆಯ ಹಿರಿಯಳಿಂದ ಹಬ್ಬದ ಅಡಿಗೆ ಬೇಕು, ಆದರೆ ಒಲೆಯ ಹತ್ತಿರ ಒಂದು ದೀಪ ಹಾಕಿಕೊಡುವುದಿಲ್ಲ ಎಂದಹಾಗಾಯಿತು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಆ ನಾಲ್ಕು ತಿಂಗಳ ಮೌನ. ಅಣ್ಣ ಸುಳ್ಳು ಹೇಳುವವನಲ್ಲ. ಹೇಳಿದರೆ ಹಾರಾಟ ಹೋಗುತ್ತದೆ ಎಂಬ ಹೆದರಿಕೆ ಅವನ ಬಾಯಿ ಕಟ್ಟಿತು. ಕೊನೆಗೆ ಹೇಳಿದ್ದಕ್ಕೆ ಸಿಕ್ಕ ಉತ್ತರ ನೋಡಿದ ಮೇಲೆ ಅಲ್ಲಿನ ಉಳಿದ ಮಾಸ್ತರರು ಏನು ಕಲಿತಿರಬಹುದು? ಬಾಯಿ ಮುಚ್ಚಿಕೊಂಡಿರಲು ಕಲಿತಿರಬೇಕು. ಅವರಲ್ಲಿ ಯಾರ ಮುಳ್ಳು ಮಸುಕಾಗಿದೆಯೋ ಈಗ ಯಾರಿಗೂ ತಿಳಿಯುವುದಿಲ್ಲ. ಒಬ್ಬ ಮುದುಕನನ್ನು ಮನೆಗೆ ಕಳಿಸಿದವರು ಸುರಕ್ಷಿತರಾದೆವು ಎಂದುಕೊಂಡಿದ್ದಾರೆ. ನಿಜ ಹೇಳುವವನನ್ನು ಕಳೆದುಕೊಂಡಿದ್ದಾರೆ.

ಈ ಮೌನ ನಮಗೇನು ಹೊಸದೆ, ಅಕ್ಕತಂಗಿಯರೆ? ಅನ್ನದಲ್ಲಿ ಹರಳು ಸಿಕ್ಕಿತೆಂದು ಗಂಡ ಗೊಣಗಿದಾಗ ‘ಅಂಗಡಿಯವ ಮೋಸ ಮಾಡಿದ’ ಎನ್ನುತ್ತೇವೆ. ಕಣ್ಣು ಕಾಣುತ್ತಿಲ್ಲ ಎನ್ನುವುದಿಲ್ಲ. ಬ್ಯಾಂಕಿನಲ್ಲಿ ಇರುವೆ ಅಕ್ಷರದ ಅರ್ಜಿಯನ್ನು ಓದದೆಯೇ ಸಹಿ ಮಾಡುತ್ತೇವೆ. ಗುಳಿಗೆಯ ಹಾಳೆಯ ಮೇಲೆ ಬೆಳ್ಳಿಬಣ್ಣದ ಮೇಲೆ ಬೆಳ್ಳಿಬಣ್ಣದಲ್ಲಿ ಒತ್ತಿದ ತಾರೀಖು ಕಾಣದೆ, ಹೋದ ವರ್ಷ ನಾನು ಮುಗಿದುಹೋದ ಔಷಧಿಯನ್ನು ಎಂಟು ದಿನ ನುಂಗಿದೆ. ಗೊತ್ತಾದಾಗ ಮಗನಿಗೆ ಹೇಳಲಿಲ್ಲ. ಹೇಳಿದರೆ ‘ಅವ್ವಗ ವಯಸ್ಸಾತು’ ಎಂದು ಔಷಧಿಯ ಡಬ್ಬಿ ಸೊಸೆಯ ಕೈಗೆ ಹೋಗುತ್ತದೆ. ಇವತ್ತು ಔಷಧಿಯ ಡಬ್ಬಿ, ನಾಳೆ ಸ್ಕೂಟರ್, ನಾಡಿದ್ದು ಅಡಿಗೆಮನೆ. ಒಂದೊಂದಾಗಿ ಕಸಿದುಕೊಳ್ಳುವುದಕ್ಕೆ ಪ್ರೀತಿ ಎಂಬ ಹೆಸರೂ ಇದೆ. ಅಂಕಿ ದೊಡ್ಡದಾಗಿ ಛಾಪಿಸಿ ಎಂದು ಔಷಧಿಯವನಿಗೆ ಹೇಳುವುದು ಯಾರಿಗೂ ತೋಚುವುದಿಲ್ಲ.

ಮರುದಿನ ಮುಂಜಾನೆ ಇದನ್ನೆಲ್ಲ ನಾನು ಮಗನ ಎದುರಿಗೆ ಹೇಳಿದೆ, ಗುಳಿಗೆಯ ಸಂಗತಿಯನ್ನೂ ಬಿಡದೆ. ಅವನು ಸುಮ್ಮನೆ ಕೇಳಿದ. ಆಮೇಲೆ “ಮಾಮಾ, ಆ ದೀಪದ ಸಾಧನ ಹೆಂಗಿರತದ? ಚಿತ್ರ ತಗದ ತೋರಸ್ರಿ” ಎಂದ. ಇಬ್ಬರೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆಯುತ್ತ ಮಧ್ಯಾಹ್ನದವರೆಗೆ ಕೂತರು. ಅಣ್ಣ ಈಗ ತನ್ನ ಹಳೆಯ ಶಿಷ್ಯರಿಗೆ ಪತ್ರ ಬರೆಯುತ್ತಿದ್ದಾನೆ. ಹಾರುವ ಶಾಲೆಗಳ ಪ್ರತಿಯೊಂದು ವಿಮಾನಕ್ಕೂ ಈ ದೀಪ ಇರಬೇಕು, ನಡೆದದ್ದನ್ನು ಹೇಳಿದವನಿಗೆ ಶಿಕ್ಷೆ ಇರಬಾರದು ಎಂದು ಅವರೆಲ್ಲ ಸೇರಿ ಕೇಳಬೇಕಂತೆ. ಆ ಶಿಷ್ಯರಿಗೂ ಈಗ ನಲವತ್ತು ದಾಟಿದೆ. ಅವರಿಗೂ ಚಾಳೀಸು ಬಂದಿರುತ್ತದೆ.

ಹೊರಡುವ ಹಿಂದಿನ ದಿನ ಅಣ್ಣ ನನ್ನ ಸೊಸೆಯ ಹತ್ತಿರ ಕೆಂಪು ನೇಲ್‌ಪಾಲಿಶ್ ಕೇಳಿ ಇಸಕೊಂಡ. ಗ್ಯಾಸಿನ ಗುಬ್ಬಿಯ ಮೇಲೆ, ಬಟ್ಟೆ ಒಗೆಯುವ ಯಂತ್ರದ ತಿರುಗಣಿಯ ಮೇಲೆ, ನನ್ನ ಎರಡು ಥರದ ಗುಳಿಗೆಯ ಡಬ್ಬಿಗಳಲ್ಲಿ ಒಂದರ ಮೇಲೆ, ದೊಡ್ಡದೊಡ್ಡ ಕೆಂಪು ಚುಕ್ಕೆ ಇಟ್ಟ. ಅಂಗಳದಲ್ಲಿ ನಿಂತು “ಇಲ್ಲಿಂದ ಕಾಣಸ್ತದೇನು?” ಎಂದು ಕೂಗಿದ. ಚಾಳೀಸು ತೆಗೆದಿಟ್ಟು ನೋಡಿದೆ. ಕಾಣಿಸಿತು.